ಬಯಲ ನಡುವಿನ ಕಲ್ಲುದ್ವೀಪಗಳು

ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ಬಿಡದಿ ದಾಟಿದರೆ ಸಾಕು, ನೆಲದ ಲಕ್ಷಣವೇ ಬದಲಾಗುತ್ತದೆ. ರಾಗಿ ಹೊಲ, ಹಿಪ್ಪುನೇರಳೆ ತೋಟ, ತೆಂಗಿನ ಸಾಲುಗಳ ನಡುವೆ ಬೋಳು ಬಂಡೆಗಳು ನೂರಾರು ಅಡಿ ಎತ್ತರಕ್ಕೆ ಎದ್ದು ನಿಂತಿರುತ್ತವೆ. ಕೆಲವು ಗುಂಡಗೆ, ಕೆಲವು ಕಡಿದು ನಿಲ್ಲಿಸಿದ ಗೋಡೆಯಂತೆ ನೆಟ್ಟಗೆ. ಗ್ರೀಸ್ ದೇಶದ ಸುತ್ತಲಿನ ಸಮುದ್ರದಲ್ಲಿ ದ್ವೀಪಗಳು ಹೇಗೆ ಒಂದರ ಹಿಂದೊಂದು ತಲೆಯೆತ್ತಿವೆಯೋ, ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣದ ಬಯಲಿನಲ್ಲಿ ಈ ಬೆಟ್ಟಗಳು ಹಾಗೆ ನಿಂತಿವೆ. ಹೋಲಿಕೆ ಕಣ್ಣಿಗಷ್ಟೇ ಸಲ್ಲುವಂಥದ್ದೂ ಅಲ್ಲ. ಸುತ್ತಲಿನ ಹೊಲ, ಊರು, ರಸ್ತೆಗಳಲ್ಲಿ ಬದುಕಲಾರದ ಜೀವಿಗಳು ಈ ಕಲ್ಲಿನ ಮೇಲೆ ನೆಲೆ ಕಂಡಿವೆ. ಹಾಗಿದ್ದೂ ಅವುಗಳ ಅಳಿವು ಉಳಿವು ತೀರ್ಮಾನವಾಗುವುದು ಬಹುಪಾಲು ಕೆಳಗಿನ ಬಯಲಿನಲ್ಲಿ.

ಮೊದಲು ಕಲ್ಲಿನ ಮಾತು. ಭೂವಿಜ್ಞಾನಿಗಳು ಈ ಶಿಲೆಯನ್ನು ಜಗತ್ತಿನಾದ್ಯಂತ 'ಕ್ಲೋಸ್‌ಪೇಟ್ ಗ್ರಾನೈಟ್' ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. ಊರು ಆ ಹೆಸರನ್ನು ಕಳಚಿಹಾಕಿ ಎಷ್ಟೋ ಕಾಲವಾಯಿತು. ಕಲ್ಲು ಮಾತ್ರ ಅದನ್ನು ಇನ್ನೂ ಹೊತ್ತುಕೊಂಡಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಿಂದ ಮೇಲಕ್ಕೆ ನುಗ್ಗಿದ ಶಿಲಾಪಾಕ, ಅದಕ್ಕೂ ಹಳೆಯ ನೈಸ್ ಶಿಲೆಯನ್ನು ಸೀಳಿಕೊಂಡು ನಿಧಾನವಾಗಿ ತಣಿದು ಗಟ್ಟಿಯಾಯಿತು. ಉತ್ತರ ದಕ್ಷಿಣವಾಗಿ 400 ಕಿಲೋಮೀಟರಿಗೂ ಉದ್ದಕ್ಕೆ ಚಾಚಿದ ಈ ಪಟ್ಟಿಯ ಅಗಲ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಅಷ್ಟೆ. ಬಂಡೆಯ ಹತ್ತಿರ ಹೋಗಿ ನೋಡಿದರೆ ಹೆಬ್ಬೆರಳ ಗಾತ್ರದ ನಸುಗೆಂಪು ಹರಳುಗಳು ಕಾಣುತ್ತವೆ. ಅಷ್ಟು ದೊಡ್ಡ ಹರಳು ಬೆಳೆಯಬೇಕಾದರೆ ಕರಗಿದ ಕಲ್ಲು ಬಹಳ ಸಾವಧಾನವಾಗಿ ತಣಿದಿರಬೇಕು.

ಮೇಲಿನ ಮಣ್ಣು, ಮೆದು ಕಲ್ಲುಗಳೆಲ್ಲ ಕೋಟ್ಯಂತರ ವರ್ಷಗಳ ಮಳೆಗೆ ಕೊಚ್ಚಿಹೋದ ಮೇಲೆ ಬಿರುಕು ಕಡಿಮೆ ಇದ್ದ ಭಾಗಗಳು ಗುಡ್ಡಗಳಾಗಿ ಉಳಿದವು. ಹಗಲಿನ ಉರಿಗೆ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗಿ, ಮೇಲಿನ ಹೊರೆ ಹಗುರಾದಂತೆ ಸಡಿಲಗೊಂಡು, ಬಂಡೆ ಪದರು ಪದರಾಗಿ ಸಿಪ್ಪೆ ಬಿಡುತ್ತದೆ. ಅಂಥ ಪದರು ಕಳಚಿದ ಕಡೆ ಗೋಡೆಯ ನಡುವೆ ಒಂದು ಚಾಚು, ಒಂದು ಗೂಡು, ಒಂದು ಸೀಳು ಉಳಿಯುತ್ತದೆ. ರಣಹದ್ದಿಗೆ ಬೇಕಾದದ್ದು ಇಷ್ಟೇ ಜಾಗ.

ರಾಮನಗರದ ರಾಮದೇವರ ಬೆಟ್ಟವನ್ನು ದೇಶಕ್ಕೆಲ್ಲ ಪರಿಚಯಿಸಿದ್ದು 1975ರ ಆಗಸ್ಟ್ 15ರಂದು ತೆರೆಕಂಡ 'ಶೋಲೆ'. ನಿರ್ದೇಶಕ ರಮೇಶ್ ಸಿಪ್ಪಿ ಈ ಬಂಡೆಗಳ ತಪ್ಪಲಲ್ಲಿ ರಾಮಗಢ ಎಂಬ ಇಡೀ ಹಳ್ಳಿಯ ಸೆಟ್ ಹಾಕಿಸಿದರು. ಒಂಬತ್ತು ವರ್ಷಗಳ ನಂತರ ಡೇವಿಡ್ ಲೀನ್ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಮರಬಾರ್ ಗುಹೆಗಳಿಗಾಗಿ ಇದೇ ಬೆಟ್ಟವನ್ನೂ ಮಾಗಡಿಯ ಸಾವನದುರ್ಗವನ್ನೂ ಹುಡುಕಿಕೊಂಡು ಬಂದರು. ಇವತ್ತಿಗೂ 'ಶೋಲೆ'ಯ ಗಬ್ಬರ್ ಸಿಂಗ್ ನಿಂತಿದ್ದ ಬಂಡೆ ಯಾವುದು ಎಂದು ಕೇಳುತ್ತ ಬರುವವರಿದ್ದಾರೆ. ಅವರು ಮೆಟ್ಟಿಲೇರುತ್ತ ಒಮ್ಮೆ ಕತ್ತೆತ್ತಿ ನೋಡಿದರೆ ಕಲ್ಲುಗೋಡೆಯ ಮೇಲೆ ಸುಣ್ಣ ಎರಚಿದಂಥ ಬಿಳಿ ಗೆರೆಗಳು ಕಂಡಾವು. ಅವು ತಲೆಮಾರುಗಳಿಂದ ಅಲ್ಲಿ ಕೂತೆದ್ದ ರಣಹದ್ದುಗಳ ಹಿಕ್ಕೆಯ ಗುರುತು.

2012ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇಲ್ಲಿನ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದುಗಳ ವನ್ಯಧಾಮವೆಂದು ಘೋಷಿಸಿತು. ರಣಹದ್ದಿಗಾಗಿಯೇ ಮೀಸಲಾದ ದೇಶದ ಮೊದಲ ವನ್ಯಧಾಮ ಅದು. ಅಲ್ಲಿ ಮುಖ್ಯವಾಗಿರುವುದು ಉದ್ದ ಕೊಕ್ಕಿನ ರಣಹದ್ದು. ಜೊತೆಗೆ ಗಾತ್ರದಲ್ಲಿ ಚಿಕ್ಕದಾದ ಬಿಳಿ ರಣಹದ್ದು. ಉದ್ದ ಕೊಕ್ಕಿನದು ಗೂಡಿಗೆ ಕಡಿದಾದ ಬಂಡೆಯನ್ನೇ ಹುಡುಕುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ. ಗಂಡು ಹೆಣ್ಣು ಸರದಿಯ ಮೇಲೆ ಸುಮಾರು ಐವತ್ತು ದಿನ ಕಾವು ಕೊಡುತ್ತವೆ, ಮರಿ ಹಾರುವ ಹೊತ್ತಿಗೆ ಇನ್ನೂ ತಿಂಗಳುಗಳೇ ಕಳೆದಿರುತ್ತವೆ. ಆ ಮರಿ ತಾನೇ ಮೊಟ್ಟೆಯಿಡುವಂತಾಗಲು ನಾಲ್ಕೈದು ವರ್ಷ ಬೇಕು. ಇಷ್ಟು ನಿಧಾನದ ಸಂಸಾರದಲ್ಲಿ ವರ್ಷಕ್ಕೆ ಒಂದೆರಡು ದೊಡ್ಡ ಹಕ್ಕಿ ಸತ್ತರೂ ಲೆಕ್ಕ ಹಿಂದೆ ಸರಿಯುತ್ತದೆ. ರಾಮನಗರದಲ್ಲಿ ಈಗ ಕಾಣುವ ಉದ್ದ ಕೊಕ್ಕಿನ ರಣಹದ್ದುಗಳನ್ನು ಬೆರಳಲ್ಲೇ ಎಣಿಸಬಹುದು.

ಅವು ಹೋದದ್ದೆಲ್ಲಿಗೆ? 1990ರ ದಶಕದಲ್ಲಿ ಭಾರತದಾದ್ಯಂತ ರಣಹದ್ದುಗಳು ಉದುರಿಬಿದ್ದವು. ಬಿಳಿ ಬೆನ್ನಿನ ಇನ್ನೊಂದು ಜಾತಿ 1992ರಿಂದ 2007ರ ಹೊತ್ತಿಗೆ ಶೇ. 99.9ರಷ್ಟು, ಉದ್ದ ಕೊಕ್ಕಿನದು ಶೇ. 97ರ ಸುಮಾರಿಗೆ ಕುಸಿಯಿತು. ಜಗತ್ತಿನಲ್ಲಿ ಹಕ್ಕಿಯೊಂದು ಇಷ್ಟು ವೇಗದಲ್ಲಿ ಕಣ್ಮರೆಯಾದ ದಾಖಲೆ ತೀರ ವಿರಳ. ಸೋಂಕು ಇರಬಹುದೆಂದು ಬಹಳ ಮಂದಿ ನಂಬಿದ್ದರು. 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಪರೀಕ್ಷಿಸಿ ಕಾರಣ ಹಿಡಿದರು. ಅದು ಡೈಕ್ಲೋಫೆನಾಕ್: ಕಾಲುನೋವು, ಬಾವು, ಜ್ವರ ಎಂದು ದನಗಳಿಗೆ ಕೊಡುತ್ತಿದ್ದ ಅಗ್ಗದ ನೋವುನಿವಾರಕ. ಚುಚ್ಚುಮದ್ದು ಪಡೆದ ಕೆಲವೇ ದಿನಗಳಲ್ಲಿ ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಯೂರಿಕ್ ಆಮ್ಲ ಬಿಳಿ ಪುಡಿಯಾಗಿ ಒಳ ಅಂಗಗಳ ಮೇಲೆ ಕೂರುತ್ತದೆ, ಹಕ್ಕಿ ಕತ್ತು ಜೋತುಬಿದ್ದು ಸಾಯುತ್ತದೆ. ನೂರು ಹೆಣದಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಮದ್ದು ಉಳಿದಿದ್ದರೂ ಇಡೀ ಸಂಕುಲ ಕುಸಿಯಲು ಸಾಕು. ಒಂದು ಹೆಣಕ್ಕೆ ಹತ್ತಾರು ಹದ್ದು ಎರಗುತ್ತವಲ್ಲ.

2006ರಲ್ಲಿ ದನಗಳಿಗೆ ಈ ಮದ್ದು ಕೊಡುವುದನ್ನು ಭಾರತ ನಿಷೇಧಿಸಿತು. ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಬರುವುದು ನಿಲ್ಲಲಿಲ್ಲ. ಹಾಗಾಗಿ 2015ರಲ್ಲಿ ಸೀಸೆಯ ಗಾತ್ರವನ್ನೇ 3 ಮಿಲಿ ಲೀಟರಿಗೆ ಇಳಿಸಲಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೊಫೆನಾಕ್ ಎಂಬ ಇನ್ನೆರಡು ಮದ್ದುಗಳ ಪಶುಬಳಕೆಗೂ ತಡೆ ಬಂತು. ಮೆಲಾಕ್ಸಿಕ್ಯಾಂ ಎಂಬ ಮದ್ದು ದನದ ನೋವನ್ನೂ ಇಳಿಸುತ್ತದೆ, ಹದ್ದನ್ನೂ ಕೊಲ್ಲುವುದಿಲ್ಲ ಎಂಬುದು ಹಿಂದೆಯೇ ಖಚಿತವಾಗಿದೆ. ರಾಮದೇವರ ಬೆಟ್ಟದ ಹದ್ದಿನ ಪಾಲಿಗೆ ಬೇಲಿ, ಫಲಕ, ಕಾವಲುಗಾರರಷ್ಟೇ ಮುಖ್ಯವಾದದ್ದು, ಸುತ್ತಲ ಹಳ್ಳಿಗಳ ಔಷಧಿ ಅಂಗಡಿಯ ಕಪಾಟಿನಲ್ಲಿ ಯಾವ ಸೀಸೆ ಇದೆ ಎಂಬುದು.

ಇನ್ನೊಂದು ಸಂಗತಿ ಮೇವಿಗೆ ಸಂಬಂಧಿಸಿದ್ದು. ಹಿಂದೆ ಪ್ರತಿ ಊರಿಗೂ ಸತ್ತ ದನ ಹಾಕುವ ಜಾಗ ಊರಾಚೆ ಇರುತ್ತಿತ್ತು. ಚರ್ಮ ಸುಲಿದು ಬಿಟ್ಟ ಹೆಣವನ್ನು ಹದ್ದುಗಳು ನೋಡನೋಡುತ್ತಿದ್ದಂತೆ ಮೂಳೆಗೆ ಇಳಿಸುತ್ತಿದ್ದವು. ಈಗ ಉಳುವ ಎತ್ತು ಕಡಿಮೆ. ಹಾಲಿಗಾಗಿ ಸಾಕುವ ಸೀಮೆಹಸು ಸತ್ತರೆ ಜೆಸಿಬಿ ತರಿಸಿ ಹೂಳುತ್ತಾರೆ. ಹದ್ದು ಒಂದು ದಿನದಲ್ಲಿ ನೂರಾರು ಕಿಲೋಮೀಟರ್ ಹಾರಬಲ್ಲದು ನಿಜ, ಆದರೆ ಹಾರಿದ ಕಡೆಯೆಲ್ಲ ನೆಲ ಖಾಲಿ. 346 ಹೆಕ್ಟೇರ್‌ನಲ್ಲಿ ಗೂಡಿಗೆ ಜಾಗ ಕೊಡಬಹುದೇ ಹೊರತು ಊಟ ಕೊಡಲಾಗುವುದಿಲ್ಲ. ಹದ್ದು ಹೋದರೆ ಯಾರಿಗೇನು ನಷ್ಟ ಎನ್ನುವವರಿಗೆ ಅರ್ಥಶಾಸ್ತ್ರಜ್ಞರಾದ ಇಯಲ್ ಫ್ರ್ಯಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. ಹೆಣಗಳು ಕೊಳೆತು ನೀರು ಕೆಟ್ಟಿದ್ದು, ಬೀದಿನಾಯಿಗಳು ಹೆಚ್ಚಿದ್ದು ಎಲ್ಲ ಸೇರಿ 2000ದಿಂದ 2005ರ ನಡುವೆ ಭಾರತದಲ್ಲಿ ಸುಮಾರು ಐದು ಲಕ್ಷ ಮಂದಿ ಹೆಚ್ಚುವರಿಯಾಗಿ ಸತ್ತರೆಂಬುದು ಅವರ ಅಂದಾಜು.

ಗ್ರೀಸಿನ ಕ್ರೀಟ್ ದ್ವೀಪವನ್ನು ಇಲ್ಲಿ ನೆನೆಯಬೇಕು. ದ್ವೀಪವೊಂದರಲ್ಲಿ ನೆಲೆಸಿರುವ ಗ್ರಿಫನ್ ರಣಹದ್ದುಗಳಲ್ಲಿ ಜಗತ್ತಿನ ಅತಿ ದೊಡ್ಡ ಸಮುದಾಯ ಇರುವುದು ಅಲ್ಲಿ. ಸುಣ್ಣಕಲ್ಲಿನ ಕಮರಿಗಳು ಗೂಡಿಗೆ ಜಾಗ ಕೊಟ್ಟವು, ಗುಡ್ಡಗಳಲ್ಲಿ ಬಿಡುಬೀಸಾಗಿ ಮೇಯುವ ಕುರಿ ಮೇಕೆ ಮಂದೆಗಳು ಊಟ ಕೊಟ್ಟವು. ಗ್ರೀಸಿನ ಮುಖ್ಯ ಭೂಭಾಗದಲ್ಲಿ ತೋಳಗಳಿಗೆಂದು ಇಟ್ಟ ವಿಷದ ತುತ್ತು ಹದ್ದುಗಳನ್ನೂ ಕೊಂದಿತು. ಕ್ರೀಟ್‌ನಲ್ಲಿ ತೋಳವೇ ಇಲ್ಲದ್ದರಿಂದ ಆ ಕಾಟ ಕಡಿಮೆ. ಹುಚ್ಚುಹಸು ರೋಗದ ಭಯದಿಂದ ಯುರೋಪ್ 2002ರಲ್ಲಿ ಸತ್ತ ಜಾನುವಾರುಗಳನ್ನು ಬಯಲಲ್ಲಿ ಬಿಡಬಾರದೆಂದು ಕಟ್ಟುನಿಟ್ಟಿನ ಕಾನೂನು ತಂದು, ಹದ್ದುಗಳು ಹಸಿದಾಗ ಅದನ್ನು ಸಡಿಲಿಸಿತು. ಪರೀಕ್ಷಿಸಿದ ಮಾಂಸವನ್ನು ಗೊತ್ತುಪಡಿಸಿದ ಜಾಗದಲ್ಲಿ ಇಡುವ ಪದ್ಧತಿ ಅಲ್ಲಿ ನಡೆದಿದೆ. ಮದ್ದು ತಾಗದ ಹೆಣವನ್ನು ಬೆಟ್ಟದ ಬಳಿ ಇಡುವ ಅಂಥ ವ್ಯವಸ್ಥೆ ರಾಮನಗರಕ್ಕೂ ಬೇಕು. ಹೈನುಗಾರರು ಒಪ್ಪಿದರೆ ಇದು ಕೋಟಿಗಟ್ಟಲೆ ಹಣ ಕೇಳುವ ಕೆಲಸವೂ ಅಲ್ಲ.

ಹದ್ದಿನ ಬೆಟ್ಟದಲ್ಲಿ ಹದ್ದಷ್ಟೇ ಇಲ್ಲ. ಕಲ್ಲಿನ ಸಂದಿಯ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರ ಕೂಗುತ್ತದೆ. ಮನೆಯಂಗಳದ ಕೆಮ್ಮೀಸೆ ಪಿಕಳಾರದ ಬಳಗದ್ದೇ, ಆದರೆ ಮನೆಯಂಗಳಕ್ಕೆ ಎಂದೂ ಬಾರದು. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲು ಬಿಟ್ಟರೆ ಜಗತ್ತಿನ ಬೇರೆಲ್ಲೂ ಅದಿಲ್ಲ. ನಂದಿಬೆಟ್ಟ, ರಾಮನಗರ, ಸಾವನದುರ್ಗ ಹೀಗೆ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಚದುರಿಹೋಗಿರುವ ಅದರ ನೆಲೆಗಳ ನಡುವೆ ಈಗ ಬಡಾವಣೆ, ಕಲ್ಲುಗಣಿ, ಹೆದ್ದಾರಿಗಳಿವೆ. ಗುಡ್ಡವೊಂದನ್ನು ಸಿಡಿಸಿ ಚಪ್ಪಡಿ ಮಾಡಿ ಲಾರಿಗೆ ತುಂಬಿದರೆ ಅಲ್ಲಿದ್ದ ಪಿಕಳಾರಕ್ಕೆ ಹೋಗಲು ಪಕ್ಕದ ಹೊಲ ಒದಗುವುದಿಲ್ಲ.

ಬಂಡೆಯ ಮೇಲೆ ನಡುಮಧ್ಯಾಹ್ನ ಬರಿಗಾಲಿಡಲಾಗದ ಬಿಸಿಯಲ್ಲಿ ಕಲ್ಲು ಓತಿ ಎದೆಯೆತ್ತಿ ಕೂತಿರುತ್ತದೆ. ಹೆಣ್ಣು ಕಲ್ಲಿನ ಬಣ್ಣದ್ದು, ಕಣ್ಣಿಗೆ ಬೀಳುವುದೇ ಕಷ್ಟ. ಗಂಡಿಗೆ ಮಾತ್ರ ಬೆದೆಯ ಕಾಲ ಬಂತೆಂದರೆ ಎಲ್ಲಿಲ್ಲದ ಬಣ್ಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಓತಿಗಳ ಬೆನ್ನು ಹತ್ತಿ, ಎದುರಿಗಿರುವುದು ಹೆಣ್ಣೋ ಎದುರಾಳಿ ಗಂಡೋ ಎಂಬುದರ ಮೇಲೆ ಅದು ತೋರಿಸುವ ಬಣ್ಣವೇ ಬೇರೆಯಾಗುತ್ತದೆಂದು ಕಂಡುಕೊಂಡರು. ನಗರದ ಅಂಚಿನ ಬಂಡೆಗಳಲ್ಲಿರುವ ಓತಿಗಳ ಬಣ್ಣ ಹಳ್ಳಿಗಾಡಿನವುಗಳಿಗಿಂತ ಮಂಕು ಎಂಬುದೂ ಅವರ ಅಧ್ಯಯನದಲ್ಲಿ ಹೊರಬಂತು. ಮಳೆ ಬಿದ್ದ ಮೇಲೆ ಅದೇ ಬಂಡೆಯ ತಗ್ಗುಗಳಲ್ಲಿ ದೊಣೆಗಳು ತುಂಬುತ್ತವೆ. ಕೆಲವೇ ವಾರ ನಿಲ್ಲುವ ಆ ನೀರಲ್ಲಿ ಕಪ್ಪೆ ಮೊಟ್ಟೆಯಿಟ್ಟು, ಗೊದಮೊಟ್ಟೆ ಬೆಳೆದು, ನೀರಾರುವುದರೊಳಗೆ ಕಾಲು ಮೂಡಿ ಹೊರಟುಬಿಡಬೇಕು. ಚೂರು ಮಣ್ಣು ಕೂತ ಕಡೆಯೆಲ್ಲ ಹುಲ್ಲು, ಪುಟ್ಟ ಹೂಗಿಡ ಏಳುತ್ತವೆ. ಬೇಸಗೆಯಲ್ಲಿ ಬಂದವರಿಗೆ ಇದು ಬೋಳು ಕಲ್ಲು. ಆಗಸ್ಟಿನಲ್ಲಿ ಬಂದವರು ಹಾಗನ್ನಲಾರರು.

ಮಾಗಡಿಯ ಸಾವನದುರ್ಗ ಈ ಕಲ್ಲುಕುಟುಂಬದ ಹಿರಿಯ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ, ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. ಕರಿಗುಡ್ಡ, ಬಿಳಿಗುಡ್ಡ ಎಂದು ಅದಕ್ಕೆ ಎರಡು ಹೆಗಲು. ಕೆಂಪೇಗೌಡರ ವಂಶದವರು ಕೋಟೆ ಕಟ್ಟಿದ ಈ ದುರ್ಗವನ್ನು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ಕಿತ್ತುಕೊಂಡಿತು. ಬುಡದಲ್ಲಿ ವೀರಭದ್ರನ ಗುಡಿ, ನರಸಿಂಹನ ಗುಡಿ. ಸುತ್ತ ಕುರುಚಲು ಕಾಡು, ಅದರಾಚೆ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ. ಇಂಥ ಒಣ ಕಾಡಿನ ಕಲ್ಲುಸಂದಿಗಳಲ್ಲಿ ಹಬ್ಬುವ ಬಳ್ಳಿಯ ಬೇರು ಮಾಕಳಿ. ಅದರ ಉಪ್ಪಿನಕಾಯಿಯ ಘಮ ಬಲ್ಲವರು ಬಿಡಲಾರರು. ಆದರೆ ಬೇರಿಗಾಗಿ ಅಗೆದರೆ ಬಳ್ಳಿಯೇ ಹೋಗುತ್ತದೆ. ಬೇಡಿಕೆ ಹೆಚ್ಚಾದ ಕಡೆಯೆಲ್ಲ ಮಾಕಳಿ ಕಾಡಿನಲ್ಲಿ ಅಪರೂಪವಾಗುತ್ತ ಬಂದಿದೆ. ಹೊಲದ ಬದುವಿನಲ್ಲಿ ಅದನ್ನು ಬೆಳೆಸಲು ಸಾಧ್ಯ, ಬೆಳೆಸಿದವರೂ ಇದ್ದಾರೆ. ಊಟದ ಆಸೆಯನ್ನೂ ಬೆಟ್ಟದ ಬಳ್ಳಿಯನ್ನೂ ಒಟ್ಟಿಗೆ ಉಳಿಸುವ ದಾರಿ ಅದೊಂದೇ.

ಬಂಡೆ ಗುಡ್ಡೆಗಳ ಪೊಟರೆಗಳು ಕರಡಿಗೆ ಸಲ್ಲುತ್ತವೆ. ಹಗಲು ಗುಹೆಯ ತಂಪಿನಲ್ಲಿ ಮಲಗಿ ಸಂಜೆಗೆ ಇಳಿಯುವ ಕರಡಿಗೆ ಗೆದ್ದಲು, ಇರುವೆ, ಹೆಜ್ಜೇನು, ಕಕ್ಕೆಕಾಯಿ, ಬೋರೆ, ಅತ್ತಿ, ನೇರಳೆ ಎಲ್ಲ ಬೇಕು. ತಿಂದ ಹಣ್ಣಿನ ಬೀಜವನ್ನು ಗುಡ್ಡದಿಂದ ಗುಡ್ಡಕ್ಕೆ ಹೊತ್ತು ಬಿತ್ತುವುದೂ ಅದೇ. ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಓಡಾಡುವ ತಾಯಿಕರಡಿಯ ಎದುರಿಗೆ ಬೆಳಗಿನ ಜಾವ ಹೊಲಕ್ಕೆ ಹೊರಟ ರೈತ ಸಿಕ್ಕಿಬಿದ್ದರೆ ಗಾಯ ತಪ್ಪುವುದಿಲ್ಲ. ಕರಡಿಯ ಕಣ್ಣು ಅಷ್ಟು ಚುರುಕಲ್ಲ. ಬೆಚ್ಚಿದಾಗ ಅದು ಮೊದಲು ಎರಗುತ್ತದೆ. ಗುಡ್ಡದ ಅಂಚಿನ ಊರುಗಳಲ್ಲಿ ಜನ ಮಾತಾಡಿಕೊಂಡು, ಕೋಲು ಬಡಿಯುತ್ತ ನಡೆಯುವುದು ಹಳೆಯ ಜಾಣತನ.

ಚನ್ನಪಟ್ಟಣದ ಗೊಂಬೆಗೂ ಈ ಒಣ ಕಾಡಿಗೂ ನಂಟಿದೆ. ಬಣ್ಣದ ಅರಗು ಹಿಡಿಯುವ ಆ ನುಣುಪು ಬಿಳಿ ಮರ ಆಲೆಮರ. ಕುರುಚಲು ಗುಡ್ಡ, ಹೊಲದ ಬದುಗಳಲ್ಲಿ ಬೆಳೆಯುವ ಸಾಧಾರಣ ಮರ ಅದು. ಅದೇ ತಾಲ್ಲೂಕಿನ ಇನ್ನೊಂದು ಮುಖ ಆನೆಯದು. ಬನ್ನೇರುಘಟ್ಟದ ಕಾಡು, ಕಾವೇರಿ ಕಣಿವೆ ಮತ್ತು ಇವೆರಡರ ನಡುವೆ ತುಂಡು ತುಂಡಾಗಿ ಉಳಿದ ಕಾಡುಗಳನ್ನು ಹಿಡಿದು ಆನೆಗಳು ಕನಕಪುರ, ರಾಮನಗರ, ಚನ್ನಪಟ್ಟಣದವರೆಗೂ ಬರುತ್ತವೆ. ರಾಗಿ ತೆನೆ ಹಾಲುಗಟ್ಟುವ ಹೊತ್ತಿಗೆ, ಮಾವು ಬಲಿಯುವ ಹೊತ್ತಿಗೆ ಅವು ಹಾಜರು. ಒಂದು ರಾತ್ರಿಯಲ್ಲಿ ವರ್ಷದ ದುಡಿಮೆ ಹೋದ ರೈತನಿಗೆ ಆನೆಯನ್ನು ಪ್ರೀತಿಸು ಎನ್ನುವ ಮಾತು ಕಟುವಾಗಿ ಕೇಳುತ್ತದೆ. ಜನರೂ ಸತ್ತಿದ್ದಾರೆ, ವಿದ್ಯುತ್ ತಂತಿಗೆ ಸಿಕ್ಕಿ ಆನೆಗಳೂ ಸತ್ತಿವೆ. ಹಳೆಯ ರೈಲು ಕಂಬಿಗಳ ತಡೆಗೋಡೆ ಕೆಲವು ಕಡೆ ಉಪಯೋಗಕ್ಕೆ ಬಂದಿದೆ. ಪರಿಹಾರದ ಹಣ ತಡವಾದಷ್ಟೂ ರೈತನ ಸಿಟ್ಟು ಕಾಡಿನ ಮೇಲೆ ತಿರುಗುತ್ತದೆ. ಹೊಲ ತುಳಿದ ವಾರದೊಳಗೆ ಆ ಹಣ ರೈತನ ಕೈಗೆ ಸೇರುವಂತೆ ಮಾಡುವುದು ಕಂಬಿ ಹೂಡುವಷ್ಟೇ ತುರ್ತಿನ ಕೆಲಸ.

ಕನಕಪುರದಿಂದ ದಕ್ಷಿಣಕ್ಕೆ ಇಳಿದರೆ ಕಲ್ಲಿನ ಜೊತೆಗೆ ಹೊಳೆಯೂ ಸೇರುತ್ತದೆ. ನಂದಿಬೆಟ್ಟದಲ್ಲಿ ಹುಟ್ಟಿ, ದಾರಿಯಲ್ಲಿ ವೃಷಭಾವತಿಯ ಮೂಲಕ ಬೆಂಗಳೂರಿನ ಕೊಳೆಯನ್ನೂ ಹೊತ್ತುಕೊಂಡ ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತಾಳೆ. ಅಲ್ಲಿಂದ ನಾಲ್ಕು ಕಿಲೋಮೀಟರಿನಷ್ಟು ಕೆಳಗೆ ಮೇಕೆದಾಟು. ಅಗಲವಾಗಿ ಹರಿಯುತ್ತಿದ್ದ ಹೊಳೆ ಗ್ರಾನೈಟಿನ ಸೀಳೊಂದಕ್ಕೆ ನುಗ್ಗಿ ಕಲ್ಲನ್ನು ಕೊರೆದು ಕೊಡದಂಥ ಗುಂಡಿಗಳನ್ನು ಮಾಡಿದೆ. ಈ ಕಣಿವೆಯೇ ಕಾವೇರಿ ವನ್ಯಜೀವಿಧಾಮ. 1987ರಲ್ಲಿ 527 ಚದರ ಕಿಲೋಮೀಟರಿನಷ್ಟಿದ್ದದ್ದನ್ನು ಮುಂದೆ 1,027 ಚದರ ಕಿಲೋಮೀಟರಿಗೆ ವಿಸ್ತರಿಸಲಾಯಿತು. ಮೊಸಳೆ, ನೀರುನಾಯಿ, ಮೀನುಗಿಡುಗಗಳ ಊರು ಇದು.

ಹೊಳೆಯ ಆಳದ ಮಡುಗಳಲ್ಲಿ ಬಿಳಿಮೀನು ಇದೆ, ಇಂಗ್ಲಿಷ್ ಬಲ್ಲವರ ಮಹಶೀರ್. ಇಲ್ಲಿನ ಕಿತ್ತಳೆ ರೆಕ್ಕೆಯ, ಡುಬ್ಬ ಬೆನ್ನಿನ ಜಾತಿ ಕಾವೇರಿ ಮತ್ತದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. ನೂರೈವತ್ತು ವರ್ಷದಿಂದ ಗಾಳಗಾರರು ಹೊಗಳುತ್ತ ಬಂದ ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದು 2018ರಲ್ಲಿ. ಕಾವೇರಿ ದಡದ ಗಾಲಿಬೋರೆಯ ಶಿಬಿರದಲ್ಲಿ ಗಾಳಕ್ಕೆ ಬಿದ್ದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಮತ್ತೆ ಹೊಳೆಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಆ ದಾಖಲೆಯೇ ಕೊನೆಗೆ ವಿಜ್ಞಾನಿಗಳ ಕಣ್ಣು ತೆರೆಸಿತು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತ, ಕಾವೇರಿಯದೇ ಆದ ಡುಬ್ಬದ ಮೀನು ಕುಸಿಯುತ್ತ ಬಂದಿತ್ತು. ಮೀನು ಹೆಚ್ಚಲಿ ಎಂಬ ಒಳ್ಳೆಯ ಉದ್ದೇಶದಿಂದ ಬಿಟ್ಟ ಮರಿಗಳು ಮಾಡಿದ ಕೆಲಸ ಅದು. ಈಗ ಆ ಮೀನು ಅಳಿವಿನ ಅಂಚಿನ ಪಟ್ಟಿಯಲ್ಲಿದೆ.

ದಡದ ಮೇಲೆ, ಹೊಳೆಮತ್ತಿಯ ಬಿಳಿ ಕಾಂಡಗಳ ಸಾಲಿನಲ್ಲಿ ಇನ್ನೊಂದು ಅಪರೂಪದ ಜೀವಿ ಇದೆ: ನರೆಗೂದಲಿನ ದೊಡ್ಡ ಅಳಿಲು. ಮಲೆನಾಡಿನ ಕೆಂಜಳಿಲಿನ ಹತ್ತಿರದ ನೆಂಟ, ಮೈಮೇಲೆ ಬೂದಿ ಎರಚಿದಂಥ ಬಣ್ಣ. ತಮಿಳುನಾಡು, ಕೇರಳದ ಕೆಲವು ಕಾಡು ಮತ್ತು ಶ್ರೀಲಂಕಾ ಬಿಟ್ಟರೆ ಅದಿರುವುದು ಕರ್ನಾಟಕದ ಈ ಕಣಿವೆಯಲ್ಲಿ ಮಾತ್ರ. ಅದಕ್ಕೆ ನೆಲಕ್ಕಿಳಿಯುವುದೆಂದರೆ ಅಪಾಯ. ಹಾಗಾಗಿ ಒಂದು ಮರದ ಕೊಂಬೆ ಇನ್ನೊಂದನ್ನು ತಾಗುವಷ್ಟು ಒತ್ತಾದ ಕಡೆ ಗೂಡು ಕಟ್ಟುತ್ತದೆ. ಬೇಸಗೆಯಲ್ಲಿ ಗುಡ್ಡದ ಮರಗಳೆಲ್ಲ ಎಲೆ ಉದುರಿಸಿ ನಿಂತಾಗ ಅಂಥ ಹಸಿರು ಮೇಲ್ಛಾವಣಿ ಉಳಿಯುವುದು ಹೊಳೆಯ ಎರಡೂ ದಡದ ಕಿರಿದಾದ ಪಟ್ಟಿಯಲ್ಲಿ.

ಮೇಕೆದಾಟಿನಲ್ಲಿ 67.16 ಟಿಎಂಸಿ ಅಡಿ ನೀರು ನಿಲ್ಲಿಸುವ ಅಣೆಕಟ್ಟಿನ ವಿಸ್ತೃತ ಯೋಜನಾ ವರದಿಯನ್ನು ರಾಜ್ಯ ಸರ್ಕಾರ 2019ರ ಜನವರಿಯಲ್ಲಿ ಕೇಂದ್ರ ಜಲ ಆಯೋಗಕ್ಕೆ ಸಲ್ಲಿಸಿತು. ಬೆಂಗಳೂರಿಗೆ ಕುಡಿಯುವ ನೀರು ಬೇಕೆಂಬುದು ಹುಸಿ ಕೂಗಲ್ಲ, ಪ್ರತಿ ಬೇಸಗೆ ಅದಕ್ಕೆ ಸಾಕ್ಷಿ. ಅದರ ಬೆಲೆಯೂ ಕಾಗದದ ಮೇಲೆ ಸ್ಪಷ್ಟವಾಗಿದೆ: ಸುಮಾರು 5,000 ಹೆಕ್ಟೇರ್ ನೆಲ, ಅದರಲ್ಲಿ ಬಹುಪಾಲು ವನ್ಯಧಾಮ ಮತ್ತು ಮೀಸಲು ಅರಣ್ಯ. ನೀರು ಏರಿದರೆ ಮೊದಲು ಮುಳುಗುವುದು ಹೊಳೆದಡದ ಮತ್ತಿಮರಗಳು. ಗುಡ್ಡದ ಮೇಲೆ ಎಷ್ಟು ಸಸಿ ನೆಟ್ಟರೂ ಅಳಿಲಿಗೆ ಅದು ಬದಲಿ ಮನೆಯಾಗದು. ಮತ್ತಿಗೆ ಹೊಳೆಯ ತೇವ ಬೇಕು, ಅಳಿಲಿಗೆ ದಶಕಗಟ್ಟಲೆ ಬೆಳೆದು ಕೊಂಬೆ ಹೆಣೆದ ಮರ ಬೇಕು. ಯೋಜನೆಯ ಚರ್ಚೆ ಕರ್ನಾಟಕ, ತಮಿಳುನಾಡುಗಳ ಪಾಲಿನ ಟಿಎಂಸಿಗಳಲ್ಲೇ ಮುಗಿದುಹೋಗುತ್ತಿದೆ. ಬೆಂಗಳೂರು ತನ್ನ ಬಳಸಿದ ನೀರನ್ನು ಶುದ್ಧಗೊಳಿಸಿ ಎಷ್ಟು ಮರುಬಳಸಬಲ್ಲದು, ಆಗ ಕಣಿವೆಯಿಂದ ಎಷ್ಟು ಕಡಿಮೆ ಕೇಳಬಲ್ಲದು ಎಂಬ ಲೆಕ್ಕ ಅದೇ ಮೇಜಿನ ಮೇಲೆ ಬರಬೇಕು. ವೃಷಭಾವತಿಯಲ್ಲಿ ದಿನವೂ ಹರಿದು ಅರ್ಕಾವತಿ ಸೇರುತ್ತಿರುವುದು ಆ ನಗರ ಒಮ್ಮೆ ಬಳಸಿ ಬಿಟ್ಟ ನೀರೇ.